ಮಗನ ಆರು ತಿಂಗಳು ವೇಸ್ಟ್ ಆಗಲಿ ಬಿಡಿ

ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಕಾಲೇಜಿನ ಕೋಚ್ ಜನವರಿಗೆ ಬಾ ಅಂದಿದ್ದಾರೆ, ಅಲ್ಲಿಯವರೆಗೆ ಮಗನನ್ನು ಸುಮ್ನೆ ಮನೆಯಲ್ಲಿ ಕೂರಿಸುವ ಬದಲು ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಪೂರ್ತಿಯಾಗಿ ಸೇರಿಸಿಬಿಡಲೇ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. ಬೇಡ. 2006ರ ಆಗಸ್ಟಿನಲ್ಲಿ ನಮ್ಮಪ್ಪ ಇದೇ ಮಾತು ಹೇಳಿದ್ದರು. ನಾನು ಹೂಂ ಅಂದಿದ್ದೆ.

ನಾನು ಬೆಳೆದದ್ದು ವಿಸ್ಕಾನ್ಸಿನ್‌ನಲ್ಲಿ, ಮಿಲ್ವಾಕಿಯಿಂದ ಸ್ವಲ್ಪ ಪಶ್ಚಿಮಕ್ಕೆ. ಅಪ್ಪ ಅಮ್ಮ ಹಾಸನದ ಕಡೆಯವರು. ಶುಕ್ರವಾರ ರಾತ್ರಿ ಹೈಸ್ಕೂಲ್ ಫುಟ್‌ಬಾಲ್, ಭಾನುವಾರ ಬೆಳಿಗ್ಗೆ ಪ್ಯೂವಾಕಿಯ ದೇವಸ್ಥಾನ. ಮಂಡಿಯ ಮೇಲಿನ ಗಾಯ ಕಾಣಬಾರದು ಅಂತ ಅಮ್ಮ ಪಂಚೆ ಉಡಿಸುತ್ತಿದ್ದಳು. ತಾತನ ಕಡೆಯ ಎತ್ತರ ನನಗೆ ಬಂದಿತ್ತು, ಆರಡಿ ಮೂರಂಗುಲ. ನಿಮ್ಮ ಮಗನ ಹಾಗೆ ನಾನೂ ಟೈಟ್ ಎಂಡ್. ಚೆಂಡು ಹಿಡಿಯೋದು, ಎದುರಿನವರನ್ನು ತಡೆಯೋದು, ಎರಡರಲ್ಲೂ ಪರವಾಗಿಲ್ಲ ಅನ್ನುವಷ್ಟು. ಯಾವುದರಲ್ಲೂ ಅದ್ಭುತ ಅಲ್ಲ.

ದೊಡ್ಡ ಕಾಲೇಜುಗಳಿಂದ ಒಂದು ಪತ್ರವೂ ಬರಲಿಲ್ಲ. ಕೊನೆಗೆ ಒಂದು ಡಿವಿಷನ್ ಒನ್ (ಕಾಲೇಜು ಆಟದ ಮೇಲಿನ ದರ್ಜೆ) ಕಾಲೇಜಿನ ಕೋಚ್ ಮನೆಗೆ ಬಂದರು. ಅಮ್ಮ ಕೊಟ್ಟ ಕೋಡುಬಳೆ ಕಡಿಯುತ್ತಾ ಎರಡು ವಿಷಯ ಹೇಳಿದರು. ಒಂದು, ನೀನು ಟೈಟ್ ಎಂಡ್ ಅಲ್ಲ, ಡಿಫೆನ್ಸಿವ್ ಎಂಡ್, ಅಂದ್ರೆ ಎದುರಾಳಿಯ ದಾಳಿ ತಡೆಯುವ ಸಾಲಿನ ತುದಿಯವನು. ಎರಡು, ಈ ವರ್ಷ ಜಾಗ ಇಲ್ಲ, ಜನವರಿಯಲ್ಲಿ ಸೇರಿಕೋ. ಇದಕ್ಕೇ ಗ್ರೇಶರ್ಟ್ ಅನ್ನುತ್ತಾರೆ.

ಮೊದಲನೆಯದಕ್ಕೆ ನನಗೆ ಸಿಟ್ಟು ಬಂತು, ನಿಮ್ಮ ಮಗನಿಗೂ ಬಂದಿದೆ ಅಂತ ಬರೆದಿದ್ದೀರಿ. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಬಡ್ಡಿಯಲ್ಲಿ ರೇಡ್ ಮಾಡುವವನಿಗೆ ಕಾರ್ನರ್‌ನಲ್ಲಿ ನಿಲ್ಲು ಅಂದ ಹಾಗೆ ಅದು. ಎರಡು ತಿಂಗಳು ಮುಖ ಊದಿಸಿಕೊಂಡಿರುತ್ತಾನೆ, ಆಮೇಲೆ ಮೊದಲ ಸಲ ಎದುರು ತಂಡದಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಬೀಳಿಸಿದ ದಿನ ಎಲ್ಲ ಮರೆಯುತ್ತಾನೆ. ಕೋಚ್ ಹೇಳಿದ ಕಡೆ ಆಡಲಿ.

ಎರಡನೆಯದರಲ್ಲಿ ನಾನು ಹಾಳಾದೆ. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ನನಗೆ ಯಾರೂ ನಿಧಾನವಾಗಿ ಹೇಳಲಿಲ್ಲ.

ಡಿವಿಷನ್ ಒನ್‌ನಲ್ಲಿ ಆಟಗಾರನಿಗೆ, ನಾನು ಆಡುವಾಗ, ಐದು ವರ್ಷದ ಗಡಿಯಾರ ಇತ್ತು. ಆ ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದಿತ್ತು. ಗಡಿಯಾರ ಯಾವಾಗ ಶುರುವಾಗುತ್ತಿತ್ತು? ತಂಡ ಸೇರಿದ ದಿನ ಅಲ್ಲ. ಸಹಿ ಹಾಕಿದ ದಿನವೂ ಅಲ್ಲ. ಯಾವುದೇ ಕಾಲೇಜಿನಲ್ಲಿ, ಅದು ಮನೆ ಪಕ್ಕದ ಕಮ್ಯುನಿಟಿ ಕಾಲೇಜಾದರೂ ಸರಿ, ಫುಲ್‌ಟೈಮ್ ವಿದ್ಯಾರ್ಥಿಯಾಗಿ ಮೊದಲ ಕ್ಲಾಸಿಗೆ ಹೋಗಿ ಕೂತ ದಿನ. ಫುಲ್‌ಟೈಮ್ ಅಂದ್ರೆ ಸಾಮಾನ್ಯವಾಗಿ 12 ಕ್ರೆಡಿಟ್. ಗ್ರೇಶರ್ಟ್ ಹುಡುಗ ಆಗಸ್ಟಿನಲ್ಲಿ ಅದಕ್ಕಿಂತ ಕಡಿಮೆ ತೆಗೆದುಕೊಂಡರೆ ಗಡಿಯಾರ ನಿಂತೇ ಇರುತ್ತಿತ್ತು, ಜನವರಿಯಲ್ಲಿ ಶುರುವಾಗುತ್ತಿತ್ತು. ಕೋಚ್ ನನಗೆ ಅಂದಿದ್ದು ಇಷ್ಟೇ: "ಒಂಬತ್ತು ಕ್ರೆಡಿಟ್ ತೊಗೋ, ಜಾಸ್ತಿ ಬೇಡ." ಯಾಕೆ ಅಂತ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಒಂಬತ್ತಕ್ಕೆ ಹೆಸರು ಬರೆಸಿ ಬಂದೆ. ಅಪ್ಪ ಕಾಗದ ನೋಡಿದರು. "ಮೂರೇ ಸಬ್ಜೆಕ್ಟಾ? ಉಳಿದ ಹೊತ್ತು ಏನ್ ಮಾಡ್ತೀಯಾ? ಕ್ಯಾಲ್ಕುಲಸ್ ಸೇರಿಸ್ಕೋ." ಕ್ಯಾಲ್ಕುಲಸ್ ನಾಲ್ಕು ಕ್ರೆಡಿಟ್. ಒಟ್ಟು 13. ನನ್ನ ತಲೆಯಲ್ಲಿ ಓಡಿದ್ದು, ಕೋಚ್ ಒಂಬತ್ತು ಅಂದಿದ್ದು ಜಿಮ್‌ಗೆ ಹೊತ್ತು ಸಿಗಲಿ ಅಂತ ಇರಬೇಕು, ನಾನು ಹೇಗೋ ನಿಭಾಯಿಸುತ್ತೇನೆ ಅಂತ.

ಇನ್ನೂ ಕೇಳಿ. ಆ ಕ್ಯಾಲ್ಕುಲಸ್ ಕ್ಲಾಸ್ ಬೆಳಿಗ್ಗೆ ಏಳೂವರೆಗೆ. ಮೂರನೇ ವಾರಕ್ಕೆ ಬಿಟ್ಟೆ. ಮತ್ತೆ ಒಂಬತ್ತಕ್ಕೆ ಬಂದೆನಲ್ಲ, ಸರಿಹೋಯಿತು ಅಂದುಕೊಂಡೆ. ಸರಿಹೋಗುವುದಿಲ್ಲ. ಮೊದಲ ದಿನ 13 ಇತ್ತು, ಕ್ಲಾಸಿಗೆ ಹೋಗಿದ್ದೆ, ಗಡಿಯಾರ ಶುರುವಾಯಿತು. ಆಮೇಲೆ ಬಿಟ್ಟರೂ ಅದು ನಿಲ್ಲುವುದಿಲ್ಲ. ಅಂದ್ರೆ ಕ್ಯಾಲ್ಕುಲಸ್ಸೂ ಸಿಗಲಿಲ್ಲ, ವರ್ಷವೂ ಹೋಯಿತು. ಆರು ಕ್ಲಾಸಿಗೋ ಏಳಕ್ಕೋ ಹೋಗಿದ್ದೆ ಅಷ್ಟೆ.

ಜನವರಿಯಲ್ಲಿ ಕಾಲೇಜಿನ ಕಾಂಪ್ಲಯನ್ಸ್ ಆಫೀಸಿನ (ಆಟದ ನಿಯಮ ಪಾಲನೆ ನೋಡಿಕೊಳ್ಳುವ ಕಚೇರಿ) ಹೆಂಗಸು ನನ್ನ ಮುಂದೆ ಒಂದು ಹಾಳೆ ಇಟ್ಟರು. 2007, 2008, 2009, 2010, 2011 ಅಂತ ಸಾಲಾಗಿ ಬರೆದು, 2011ನ್ನು ಗೆರೆ ಎಳೆದು ಹೊಡೆದುಹಾಕಿದರು. ನನಗೆ ಹದಿನೆಂಟು ವರ್ಷ. 2011 ಅಂದ್ರೆ ಯಾವುದೋ ಬೇರೆ ಶತಮಾನ ಅನಿಸಿತು. ತಲೆಯಾಡಿಸಿ ಎದ್ದು ಬಂದೆ. ಮನೆಯಲ್ಲಿ ಹೇಳಲಿಲ್ಲ.

ಡಿಫೆನ್ಸಿವ್ ಲೈನ್ ಕಲಿಯಲು ಹೊತ್ತು ಬೇಕು, ಕಷ್ಟ ಇರೋದು ಇಲ್ಲೇ. 2007 ರೆಡ್‌ಶರ್ಟ್. ಪಂದ್ಯ ಇಲ್ಲ, ಸ್ಕೌಟ್ ಟೀಮಿನಲ್ಲಿ ಮುಂದಿನ ವಾರದ ಎದುರಾಳಿಯ ಹಾಗೆ ನಟಿಸಿ ನಮ್ಮವರಿಂದಲೇ ಏಟು ತಿನ್ನೋದು. 2008ರಲ್ಲಿ ಕಿಕಾಫ್‌ಗೆ ಓಡಿದೆ. 2009ರಲ್ಲಿ ಬದಲಿ ಆಟಗಾರ. ಕೈ ಎಲ್ಲಿಡಬೇಕು, ಎದುರಿನವನ ಭುಜ ಯಾವ ಕಡೆ ವಾಲಿದರೆ ಪಾಸ್, ಯಾವ ಕಡೆ ವಾಲಿದರೆ ಓಟ, ಇದೆಲ್ಲ ಮೈಗೆ ಬಂದದ್ದು 2010ರ ಅಕ್ಟೋಬರಿನಲ್ಲಿ. ಕೊನೆಯ ನಾಲ್ಕು ಪಂದ್ಯ ಮೊದಲಿನಿಂದ ಆಡಿದೆ. ಮೂರು ಸ್ಯಾಕ್, ಅಂದ್ರೆ ಮೂರು ಸಲ ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡೆಸೆಯುವ ಮುಂಚೆ ಬೀಳಿಸಿದೆ. ನವೆಂಬರಿನಲ್ಲಿ ಹೆಲ್ಮೆಟ್ ವಾಪಸ್ ಕೊಟ್ಟೆ.

ಈಗ ನೀವು ಕೇಳಿದ ಜೆ.ಜೆ. ವಾಟ್ ವಿಚಾರ, ಆ ಹೆಸರಾಂತ ಡಿಫೆನ್ಸಿವ್ ಎಂಡ್. ಅವನೂ ಟೈಟ್ ಎಂಡ್ ಆಗಿದ್ದವನು, ಸ್ಕಾಲರ್‌ಶಿಪ್ ಇಲ್ಲದೆ ವಾಕ್‌ಆನ್ ಆಗಿ ಬಂದು ಗೆದ್ದನಲ್ಲ, ನನ್ನ ಮಗನೂ ಹಾಗೇ ಯಾಕಾಗಬಾರದು ಅಂದಿದ್ದೀರಿ. ವಾಟ್ ಪ್ಯೂವಾಕಿಯ ಹುಡುಗ. ಹೇಳಿದೆನಲ್ಲ, ನಾವು ಪ್ರದಕ್ಷಿಣೆ ಹಾಕುತ್ತಿದ್ದ ಊರು. ಅವನ ಅಪ್ಪ ಅಗ್ನಿಶಾಮಕ ದಳದವರು. ಚಿಕ್ಕವನಿದ್ದಾಗ ಐಸ್ ಹಾಕಿ ಆಡಿದ. ಹೈಸ್ಕೂಲಿನ ಕೊನೆಯ ವರ್ಷ ಶಾಟ್‌ಪುಟ್‌ನಲ್ಲಿ ರಾಜ್ಯಕ್ಕೇ ಗೆದ್ದ. ಆದರೂ ಫುಟ್‌ಬಾಲ್‌ಗೆ ಐದರಲ್ಲಿ ಎರಡೇ ಸ್ಟಾರ್ ಕೊಟ್ಟಿದ್ದರು. 2007ರಲ್ಲಿ ಸೆಂಟ್ರಲ್ ಮಿಷಿಗನ್ ಸೇರಿ ಒಂದು ಸೀಸನ್ ಟೈಟ್ ಎಂಡ್ ಆಡಿದ: 8 ಕ್ಯಾಚ್, 77 ಯಾರ್ಡ್. ಆಫೆನ್ಸಿವ್ ಟ್ಯಾಕಲ್ (ಚೆಂಡು ಹಿಡಿಯದೆ ಎದುರಿನವರನ್ನು ತಡೆಯುವವನು) ಆಗು ಅಂದಾಗ ಸ್ಕಾಲರ್‌ಶಿಪ್ಪನ್ನೇ ಬಿಟ್ಟು ಊರಿಗೆ ಬಂದ. ಪಿಜ್ಜಾ ಹಟ್‌ನಲ್ಲಿ ಡೆಲಿವರಿ ಕೆಲಸ ಮಾಡಿದ. ಆಮೇಲೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ವಾಕ್‌ಆನ್. ಕಾಲೇಜು ಬದಲಿಸಿದವನು ಆಗ ಒಂದು ವರ್ಷ ಆಡುವ ಹಾಗಿರಲಿಲ್ಲ. ಹಾಗಾಗಿ 2008 ಪೂರ್ತಿ ಸ್ಕೌಟ್ ಟೀಮಿನಲ್ಲಿ, ಡಿಫೆನ್ಸಿವ್ ಎಂಡ್ ಆಗಿ. 2009ರಲ್ಲಿ 44 ಟ್ಯಾಕಲ್, ನಾಲ್ಕೂವರೆ ಸ್ಯಾಕ್. 2010ರಲ್ಲಿ 62 ಟ್ಯಾಕಲ್, 7 ಸ್ಯಾಕ್, ಜೊತೆಗೆ ಡಿಫೆನ್ಸ್ ಆಟಗಾರರಿಗೆ ಕೊಡುವ ಲಾಟ್ ಟ್ರೋಫಿ.

(ಕೋಚ್ ಹೇಳಿದ ಕಡೆ ಆಡಲಿ ಅಂತ ಮೇಲೆ ಬರೆದೆ, ವಾಟ್ ಆಡಲಿಲ್ಲ. ಗೊತ್ತು. ನಿಮ್ಮ ಮಗ ರಾಜ್ಯ ಮಟ್ಟದ ಶಾಟ್‌ಪುಟ್ ಗೆದ್ದಿದ್ದರೆ ಅವನೂ ಹಟ ಮಾಡಲಿ.)

ಈ ಕಥೆಯನ್ನು ಎಲ್ಲರೂ ಛಲದ ಕಥೆ ಅಂತ ಹೇಳುತ್ತಾರೆ. ನನಗೆ ಅದು ಗಡಿಯಾರದ ಕಥೆ. ಅವನು ಒಂದು ವರ್ಷ ಕಳೆದುಕೊಂಡ, ಆದರೆ ಆಡಲು ಇನ್ನೂ ವರ್ಷಗಳು ಉಳಿದಿದ್ದವು. ಹಾಗೇ ಆಗಿನ ಕಾಲವೂ ಬೇರೆ. ತಂಡಕ್ಕೆ 85 ಸ್ಕಾಲರ್‌ಶಿಪ್ ಆದಮೇಲೂ ವಾಕ್‌ಆನ್‌ಗಳಿಗೆ ಜಾಗ ಧಾರಾಳವಾಗಿತ್ತು. 2025ರ ಜೂನ್‌ನಲ್ಲಿ ಕಾಲೇಜು ಆಟಗಾರರ ಮೊಕದ್ದಮೆಯಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ನಂತರ ಅದಕ್ಕೆ ಸೇರಿದ ಕಾಲೇಜುಗಳ ತಂಡದಲ್ಲಿ 105 ಜನಕ್ಕೆ ಮಿತಿ. ಕಾಲೇಜು ಬದಲಿಸುವುದು ಈಗ ಸಲೀಸು. ಆದ್ದರಿಂದ ಆ ಜಾಗಕ್ಕೆ ಬೇರೆ ಕಡೆ ಎರಡು ವರ್ಷ ಆಡಿ ಪಳಗಿದವನೂ ಬರುತ್ತಾನೆ. ವಾಟ್‌ನನ್ನು ತೋರಿಸಿ ಮಗನನ್ನು ಹುರಿದುಂಬಿಸಬೇಡಿ. ಅಂಥವನು ಒಬ್ಬನೇ.

ಓದೋ ಆಟವೋ ಅಂತಲೂ ಕೇಳಿದ್ದೀರಿ. ಆ ಪ್ರಶ್ನೆಯೇ ತಪ್ಪು. ಒಂಬತ್ತು ಕ್ರೆಡಿಟ್ ಓದಿದವನು ದಡ್ಡನಾಗುವುದಿಲ್ಲ. ನಮ್ಮವರಿಗೆ ಖಾಲಿ ಹೊತ್ತು ಕಂಡರೆ ಭಯ, ಅಷ್ಟೆ. ಬೆಳಿಗ್ಗೆ ಜಿಮ್‌ಗೆ ಹೋಗಲಿ, ಮಧ್ಯಾಹ್ನ ಎಲ್ಲಾದರೂ ಕೆಲಸ ಮಾಡಲಿ, ಸಂಜೆ ಮಲಗಲಿ. ಹೆಸರು ಬರೆಸುವ ಮುಂಚೆ ಕೋಚ್ ಇರುವ ಕಾಲೇಜಿನ ಕಾಂಪ್ಲಯನ್ಸ್ ಆಫೀಸಿಗೆ ಇಮೇಲ್ ಹಾಕಿ: ಎಷ್ಟು ಕ್ರೆಡಿಟ್ ದಾಟಿದರೆ ಗಡಿಯಾರ ಶುರು, ಬರೆದು ತಿಳಿಸಿ ಅಂತ. ಫೋನಿನಲ್ಲಿ ಕೇಳಬೇಡಿ. ಕೋಚ್ ಬಾಯಿಮಾತು ನಂಬಬೇಡಿ, ಅವರು ಒಳ್ಳೆಯವರೇ ಆಗಿದ್ದರೂ. ನಿಯಮಗಳು ಆಗಾಗ ಬದಲಾಗುತ್ತವೆ. ನನ್ನ ಮಾತನ್ನೂ ಪೂರ್ತಿ ನಂಬಬೇಡಿ, ಬರಹದಲ್ಲಿ ಬಂದದ್ದನ್ನು ನಂಬಿ.

2011ರ ಸೀಸನ್ ವಾಟ್‌ಗೂ ಒಂದು ಬಾಕಿ ಇತ್ತು. ಅವನಿಗೆ ಬೇಕಾಗಲಿಲ್ಲ. ವೃತ್ತಿಪರ ತಂಡಗಳು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಆ ವರ್ಷದ ಡ್ರಾಫ್ಟ್‌ಗೆ ಹೋದ, ಹ್ಯೂಸ್ಟನ್ ಟೆಕ್ಸನ್ಸ್ 11ನೆಯವನಾಗಿ ಆರಿಸಿಕೊಂಡಿತು. ನಾನು ಆ ಸೆಪ್ಟೆಂಬರಿನಲ್ಲಿ ಟಿಕೆಟ್ ಕೊಂಡು ಸ್ಟ್ಯಾಂಡಿನಲ್ಲಿ ಕೂತು ನಮ್ಮ ತಂಡ ನೋಡಿದೆ. ನನ್ನ ಜಾಗದಲ್ಲಿ ನಾನೇ ಕೈ ಇಡುವುದು ಕಲಿಸಿದ್ದ ಹುಡುಗ ಆಡುತ್ತಿದ್ದ. ಹಾಫ್‌ಟೈಮಿಗೇ ಎದ್ದು ಬಂದೆ.

ಅಪ್ಪನಿಗೆ ಇದನ್ನೆಲ್ಲ ಹೇಳಿದ್ದು ತುಂಬಾ ವರ್ಷ ಆದಮೇಲೆ, ದೇವಸ್ಥಾನಕ್ಕೆ ಹೋಗುವಾಗ ಕಾರಿನಲ್ಲಿ. ಪಾರ್ಕಿಂಗ್ ಬರುವವರೆಗೂ ಅವರು ಮಾತಾಡಲಿಲ್ಲ. ಇಂಜಿನ್ ಆಫ್ ಮಾಡಿದ ಮೇಲೆ ಕೇಳಿದರು, "ಆ ಕ್ಯಾಲ್ಕುಲಸ್ ಆಮೇಲಾದ್ರೂ ಪಾಸ್ ಮಾಡಿದ್ಯಾ?"

ಮಾಡಿದ್ದೆ. ಬಿ ಪ್ಲಸ್.