ಹೊಸ ಲಾನ್: ಮೂಲೆ ಎತ್ತಿ ನೋಡಿ, ಆಮೇಲೆ ನೀರು ಬಿಡಿ

ಪ್ರಶ್ನೆ: ಮನೆ ಮುಂದೆ 10 ಅಡಿ ಅಗಲ, 15 ಅಡಿ ಉದ್ದದ ಜಾಗಕ್ಕೆ ನರ್ಸರಿಯವರಿಂದ ಮೆಕ್ಸಿಕನ್ ಹುಲ್ಲಿನ ಲಾನ್ ಹಾಕಿಸಿದ್ದೇವೆ. ಹತ್ತು ದಿನ ಆಯಿತು. ಬೆಳಿಗ್ಗೆ, ಸಂಜೆ ಪೈಪ್ ಹಿಡಿದು ನೀರು ಬಿಡುತ್ತೇನೆ. ಆದರೂ ಕಾಂಪೌಂಡ್ ಪಕ್ಕದ ಅಂಚೆಲ್ಲ ಹಳದಿಯಾಗಿದೆ. ನೀರು ಜಾಸ್ತಿಯಾಯಿತೋ, ಕಮ್ಮಿಯಾಯಿತೋ?
– ಓದುಗರೊಬ್ಬರು, ಕೆಂಗೇರಿ, ಬೆಂಗಳೂರು

ಉತ್ತರ: ಮೇಲಿಂದ ನೋಡಿದರೆ ಅದು ಗೊತ್ತಾಗುವುದಿಲ್ಲ. ಹಳದಿಯಾದ ಕಡೆ, ನರ್ಸರಿಯವರು ಮಣ್ಣಿನ ಸಮೇತ ಹಾಸಿದ ಹುಲ್ಲಿನ ಒಂದು ತುಂಡಿನ ಮೂಲೆಯನ್ನು ನಿಧಾನವಾಗಿ ಎತ್ತಿ, ಕೆಳಗಿನ ನೆಲಕ್ಕೆ ಬೆರಳು ಚುಚ್ಚಿ. ಹುಲ್ಲಿನ ಜೊತೆ ಬಂದ ಕೆಂಪು ಮಣ್ಣು ಒದ್ದೆಯಾಗಿದ್ದು, ಅದರಡಿಯ ನಿಮ್ಮ ನೆಲ ಒಣಗಿದ್ದರೆ ನೀರು ಸಾಲುತ್ತಿಲ್ಲ. ಹೆಚ್ಚಿನ ಮನೆಗಳಲ್ಲಿ ಆಗುವುದು ಇದೇ. ಮನೆ ಕಟ್ಟುವಾಗ ತುಳಿದು ಗಟ್ಟಿಯಾದ ನೆಲ ಅದು. ಪೈಪಿನ ನೀರು ಇಂಗುವ ಮೊದಲೇ ಹರಿದು ಹೋಗುತ್ತದೆ. ಕೆಳಗೆ ಕೆಸರಾಗಿ ವಾಸನೆ ಬರುತ್ತಿದ್ದರೆ ಮಾತ್ರ ಒಂದೆರಡು ದಿನ ನೀರು ನಿಲ್ಲಿಸಿ.

ಅಂಚಿಗೆ ಕಾದ ಗೋಡೆಯ ಶಾಖವೂ ಬಡಿಯುತ್ತದೆ, ತುಂಡುಗಳ ಸಂದಿಯಲ್ಲಿ ಗಾಳಿಯಾಡಿ ಬೇರೂ ಒಣಗುತ್ತದೆ. ಜರಡಿ ಹಿಡಿದ ಮಣ್ಣಿಗೆ ಸ್ವಲ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ಸಂದಿ ತುಂಬಿ, ಅಂಗೈಯಿಂದ ಒತ್ತಿ.

ನಿಮ್ಮ ಜಾಗ ಸುಮಾರು 14 ಚದರ ಮೀಟರ್. 15 ಲೀಟರಿನ ಒಂದು ಬಕೆಟ್ ಅಷ್ಟಕ್ಕೂ ಹರಡಿದರೆ ಬೀಳುವುದು ಬರೀ 1 ಮಿಲಿಮೀಟರ್ ಮಳೆಯಷ್ಟು! ಸದ್ಯಕ್ಕೆ ದಿನಕ್ಕೆ ಐದಾರು ಬಕೆಟ್ ಬೇಕು. ಎರಡು ಮೂರು ಸಲಕ್ಕೆ ಹಂಚಿ, ಸಣ್ಣ ತೂತಿನ ಶವರ್ ಹಾಕಿ ಬಿಡಿ. ಕೊನೆಯ ಸಲದ್ದು ಸಂಜೆ ನಾಲ್ಕು ಗಂಟೆಯೊಳಗೆ ಮುಗಿಯಲಿ. ಎಲೆ ರಾತ್ರಿಯಿಡೀ ಒದ್ದೆಯಿದ್ದರೆ ಶಿಲೀಂಧ್ರ ರೋಗ ಬರುತ್ತದೆ.

ಇಷ್ಟು ನೀರಿಗೆ ಕಾವೇರಿ ನಲ್ಲಿಯನ್ನೇ ನಂಬಬೇಡಿ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು, ನೆನಪಿದೆ ಅಲ್ವಾ? ಅಕ್ಕಿ, ತರಕಾರಿ ತೊಳೆದ ನೀರು ಕೂಡಿಡಿ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಎಳೆ ಬೇರಿಗೆ ಅದು ಬೇಡ. ಮುಂದೆ ಯಾರಾದರೂ ಕೇಳಿದರೆ ಜೂನ್ ಮಳೆ ಶುರುವಾದ ಮೇಲೆ ಲಾನ್ ಹಾಕಿಸಿ ಎಂದೇ ಹೇಳಿ. ಅರ್ಧ ಕೆಲಸ ಮಳೆಯೇ ಮಾಡುತ್ತದೆ.

ಇನ್ನೊಂದು ವಾರ ಬಿಟ್ಟು ಅದೇ ಮೂಲೆಯನ್ನು ಮೆಲ್ಲಗೆ ಜಗ್ಗಿ ನೋಡಿ. ದಾರದಂಥ ಬಿಳಿ ಬೇರುಗಳು ನೆಲ ಹಿಡಿದಿದ್ದರೆ ತುಂಡು ಮೇಲೇಳುವುದಿಲ್ಲ. ಅಲ್ಲಿಂದ ನೀರಿನ ಕ್ರಮ ಬದಲಿಸಿ: ಮೂರು ದಿನಕ್ಕೊಮ್ಮೆ, ಆದರೆ ಒಂದೇ ಸಲಕ್ಕೆ ಹತ್ತು ಹನ್ನೆರಡು ಬಕೆಟ್, ಆಳಕ್ಕೆ ಇಳಿಯುವ ಹಾಗೆ. ದಿನಾ ಸುಮ್ನೆ ಚಿಮುಕಿಸುತ್ತಿದ್ದರೆ ಬೇರು ಮೇಲೇ ಉಳಿದುಬಿಡುತ್ತದೆ. ಬೇರು ನೆಲ ಹಿಡಿಯುವವರೆಗೆ ಮಕ್ಕಳು ಅದರ ಮೇಲೆ ಆಡುವುದು ಬೇಡ, ಕತ್ತರಿಸುವುದೂ ಬೇಡ. ಮೊದಲ ಸಲ ಕತ್ತರಿಸುವಾಗ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ.