ಓದುಗರ ಪ್ರಶ್ನೆ, ನಮ್ಮ ಉತ್ತರ: ವಾಷಿಂಗ್ ಮಷಿನ್ ಕೊಳ್ಳುವ ಮುನ್ನ ತಾರಸಿ ಹತ್ತಿ ನೋಡಿ

ಪ್ರಶ್ನೆ: ತುಮಕೂರಿನಲ್ಲಿ ಒಂದೇ ಅಂತಸ್ತಿನ ಸ್ವಂತ ಮನೆಯಲ್ಲಿ ನಾವು 5 ಜನರಿದ್ದೇವೆ. ನೀರು ಕೊಳವೆಬಾವಿಯದು. 14 ವರ್ಷ ದುಡಿದ ಸೆಮಿ ಆಟೊಮ್ಯಾಟಿಕ್ ಯಂತ್ರ ಈಗ ಕೈಕೊಟ್ಟಿದೆ. ಅಂಗಡಿಯವರು 9 ಕಿಲೋದ ಫ್ರಂಟ್ ಲೋಡ್ ಯಂತ್ರವನ್ನೇ ಕೊಳ್ಳಿ ಎನ್ನುತ್ತಾರೆ. ನಮ್ಮ ಅತ್ತೆಯವರು ಹಳೆಯ ಬಗೆಯದೇ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಗೃಹಿಣಿ, ತುಮಕೂರು

ಉತ್ತರ: ಇಬ್ಬರ ಮಾತನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು, ಅಳತೆಯ ಟೇಪು ಹಿಡಿದು ತಾರಸಿ ಹತ್ತಿ. ಯಂತ್ರಕ್ಕೆ ನೀರು ಕೊಡುವ ನಲ್ಲಿಯಿಂದ ಟ್ಯಾಂಕಿನ ತಳದವರೆಗೆ ನೇರ ಎತ್ತರ ಎಷ್ಟಿದೆಯೆಂದು ನೋಡಿ. ಸುಮಾರು 10 ಮೀಟರ್ ಎತ್ತರದ ನೀರು 1 ಬಾರ್ ಒತ್ತಡ ಕೊಡುತ್ತದೆ. ಒಂದಂತಸ್ತಿನ ಮನೆಯಲ್ಲಿ ಟ್ಯಾಂಕನ್ನು ಗಿಡ್ಡ ಕಟ್ಟೆಯ ಮೇಲೆ ಕೂರಿಸಿದ್ದರೆ ಈ ಎತ್ತರ ಸಾಮಾನ್ಯವಾಗಿ 2.5 ಮೀಟರ್ ಆಸುಪಾಸು ಇರುತ್ತದೆ. ಎಂದರೆ ಕಾಲು ಬಾರ್ ಒತ್ತಡ, ಅದರಲ್ಲಿಯೂ ಪೈಪಿನ ತಿರುವುಗಳಲ್ಲಿ ಒಂದಿಷ್ಟು ಕಳೆದುಹೋಗುತ್ತದೆ. ಅನೇಕ ಫ್ರಂಟ್ ಲೋಡ್ ಯಂತ್ರಗಳ ಕೈಪಿಡಿಗಳು ಕನಿಷ್ಠ 0.3ರಿಂದ 0.5 ಬಾರ್ ಒತ್ತಡ ಕೇಳುತ್ತವೆ. ಅಷ್ಟಿಲ್ಲದಿದ್ದರೆ ಯಂತ್ರವು ನೀರಿಗಾಗಿ ಕಾದು ಕಾದು, ಬಟ್ಟೆ ಅರ್ಧ ನೆನೆದಿರುವಾಗಲೇ ದೀಪ ಮಿಟುಕಿಸಿ ನಿಂತುಬಿಡುತ್ತದೆ. ಆಗ ಒತ್ತಡ ಹೆಚ್ಚಿಸುವ ಪುಟ್ಟ ಪಂಪಿಗೆ ಬೇರೆ ಹಣ ಕೊಡಬೇಕಾಗುತ್ತದೆ. ಅಂಗಡಿಯವರು ಇದನ್ನು ಸಾಮಾನ್ಯವಾಗಿ ಯಂತ್ರ ಮನೆಗೆ ಬಂದ ಮೇಲೆ ಹೇಳುತ್ತಾರೆ.

ಎರಡನೆಯದು ನೀರಿನ ಗಡಸುತನ. ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯಲು ಸತಾಯಿಸುತ್ತಿದ್ದರೆ, ನಲ್ಲಿಯ ಬಾಯಿಗೆ ಬಿಳಿ ಹೆಕ್ಕಳೆ ಕಟ್ಟುತ್ತಿದ್ದರೆ ಉತ್ತರ ಬಹುಪಾಲು ಸಿಕ್ಕಂತೆಯೇ. ಇನ್ನೂ ಖಚಿತವಾಗಬೇಕಾದರೆ ಅರ್ಧ ಬಾಟಲಿ ನೀರಿಗೆ ಬಟ್ಟೆ ಸೋಪಿನ ನಾಲ್ಕು ಚೂರು ಹಾಕಿ (ಡಿಟರ್ಜೆಂಟ್ ಬೇಡ) ಚೆನ್ನಾಗಿ ಕುಲುಕಿ. ನೊರೆ ಏಳದೆ ನೀರು ಒಡೆದ ಹಾಲಿನಂತೆ ಕಂಡರೆ ಅದು ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600. ನಿಮ್ಮ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಬಂದ ಅಂಕಿಯನ್ನು ಇದಕ್ಕೆ ಹೋಲಿಸಿ ನೋಡಬಹುದು. ಟಿಡಿಎಸ್ ಮೀಟರ್ ತೋರಿಸುವುದು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಲೆಕ್ಕವನ್ನೇ ಹೊರತು ಗಡಸುತನವನ್ನಲ್ಲ. ಇಂಥ ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಸುಣ್ಣದ ಪದರವಾಗಿ ಯಂತ್ರದೊಳಗಿನ ಹೀಟರಿನ ಸುರುಳಿಗೆ ಅಂಟಿಕೊಳ್ಳುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯ ಒಳಗನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಲ್ಲಿಗೆ ಸಿಕ್ಕಿಸುವ, ಒಳಗೆ ಹರಳುಗಳಿರುವ ಅಗ್ಗದ ಕೊಳವೆಗಳಲ್ಲಿ ಹೆಚ್ಚಿನವು ನೀರನ್ನು ಮೆದುವಾಗಿಸುವುದಿಲ್ಲ, ಪದರ ಕಟ್ಟುವುದನ್ನು ತಡಮಾಡುತ್ತವೆ ಅಷ್ಟೇ. ನಿಜವಾಗಿ ಮೆದುವಾಗಿಸುವುದು ಆಗಾಗ ಉಪ್ಪುನೀರಿನಲ್ಲಿ ತೊಳೆದು ಚೇತರಿಸಬೇಕಾದ ರೆಸಿನ್ ಇರುವ ಸಾಧನ.

ಆದ್ದರಿಂದ ನನ್ನ ಸಲಹೆ ಇದು: ಅಳತೆ ನಾನು ಊಹಿಸಿದಂತೆಯೇ ಬಂದರೆ, ಕಡಿಮೆ ಒತ್ತಡದಲ್ಲೂ ನೀರು ತುಂಬಿಕೊಳ್ಳುವ, ಹೀಟರ್ ಇಲ್ಲದ, ಸುಮಾರು 7 ಅಥವಾ 8 ಕಿಲೋದ ಟಾಪ್ ಲೋಡ್ ಯಂತ್ರ ನಿಮ್ಮ ಮನೆಗೆ ಹೊಂದುತ್ತದೆ. ಅದು ಫ್ರಂಟ್ ಲೋಡ್ ಯಂತ್ರದ ಸುಮಾರು ಇಮ್ಮಡಿ ನೀರು ಕುಡಿಯುತ್ತದೆ ಎಂಬುದು ನಿಜ. ನೀರಿನ ಬರ ಇರುವ ಮನೆಯಾದರೆ ನಿಮ್ಮ ಅತ್ತೆಯವರೇ ಸರಿ. ಬಿಳಿ ಬಟ್ಟೆ ಒಗೆದ ಸಾಬೂನು ನೀರಿನಲ್ಲೇ ಬಣ್ಣದ ಬಟ್ಟೆಯನ್ನು, ಕೊನೆಗೆ ಕಾಲೊರಸುಗಳನ್ನು ಒಗೆಯುವ ಅನುಕೂಲವು ಸೆಮಿ ಆಟೊಮ್ಯಾಟಿಕ್ ಯಂತ್ರದಲ್ಲಿ ಮಾತ್ರ ಸಲೀಸಾಗಿ ಸಿಗುತ್ತದೆ, ನಲ್ಲಿ ಬಾರದ ದಿನ ಕೊಡದಲ್ಲಿ ನೀರು ಸುರಿದರೂ ಅದು ನಡೆಯುತ್ತದೆ. ಇನ್ನು 9 ಕಿಲೋದ ಮಾತು: ಯಂತ್ರದ ಮೇಲೆ ಬರೆದ ತೂಕ ಒಣ ಹತ್ತಿ ಬಟ್ಟೆಯದು. ಒಂದು ದಿನದ ಬಟ್ಟೆಯ ಗಂಟನ್ನು ಹಿಡಿದು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕವನ್ನು ಕಳೆದು ನೋಡಿ, ಆಮೇಲೆ ನಿರ್ಧರಿಸಿ.

ಪ್ರಶ್ನೆ: ಎರಡು ವರ್ಷದ ಫ್ರಂಟ್ ಲೋಡ್ ಯಂತ್ರದಲ್ಲಿ ಒಗೆದ ಟವೆಲುಗಳಿಗೆ ಮುಗ್ಗಲು ವಾಸನೆ ಬರುತ್ತಿದೆ. ಪುಡಿ ಹೆಚ್ಚು ಹಾಕಿದರೂ ಹೋಗುವುದಿಲ್ಲ. ಏನು ಮಾಡಲಿ?
— ಓದುಗರು, ಮೈಸೂರು

ಉತ್ತರ: ಪುಡಿ ಹೆಚ್ಚು ಹಾಕಿದ್ದೇ ಒಂದು ಕಾರಣವಿರಬಹುದು. ತೊಳೆದುಹೋಗದೆ ಉಳಿದ ಸಾಬೂನಿನ ಜಿಡ್ಡು ಡ್ರಮ್ಮಿನ ಹಿಂಬದಿಗೆ ಅಂಟಿ, ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಸದಾ ತಣ್ಣೀರಿನಲ್ಲೇ ಒಗೆದು, ಒಗೆತ ಮುಗಿದ ಕೂಡಲೇ ಬಾಗಿಲು ಮುಚ್ಚಿಡುವ ಮನೆಗಳಲ್ಲಿ ಈ ದೂರು ಹೆಚ್ಚು. ಬಾಗಿಲ ಸುತ್ತಲಿನ ರಬ್ಬರಿನ ಕೆಳಮಡಿಕೆಯನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ. ಬೂದು ಬಣ್ಣದ ಲೋಳೆ, ಕೂದಲಿನ ಉಂಡೆ, ಹೇರ್‌ಪಿನ್ನು, ಮುದ್ದೆಯಾದ ಬಸ್ಸಿನ ಟಿಕೆಟ್ಟು ಅಲ್ಲಿ ಕುಳಿತಿರುತ್ತವೆ. ಮಡಿಕೆಯಲ್ಲಿ ನೀರು ಇಳಿಯಲೆಂದು ಇರುವ ಸಣ್ಣ ತೂತುಗಳೂ ಕಟ್ಟಿಕೊಂಡಿರಬಹುದು. ಒದ್ದೆ ಬಟ್ಟೆಯಿಂದ ಅದನ್ನೆಲ್ಲ ಒರೆಸಿ ತೆಗೆಯಿರಿ. ಬಳಿಕ ಪ್ಲಗ್ಗು ಕಿತ್ತು, ಯಂತ್ರದ ಕೆಳಮೂಲೆಯ ಪುಟ್ಟ ಮುಚ್ಚಳದಡಿ ಅಗಲ ತಟ್ಟೆಯಿಟ್ಟು, ಪಂಪಿನ ಜಾಲರಿಯನ್ನು ನಿಧಾನವಾಗಿ ತಿರುಗಿಸಿ ಹೊರತೆಗೆಯಿರಿ. ಬಿಸಿನೀರಿನ ಒಗೆತ ಮುಗಿದ ಕೂಡಲೇ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ.

ಇದಾದ ಮೇಲೆ ಖಾಲಿ ಡ್ರಮ್ಮಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ 60 ಡಿಗ್ರಿಯಲ್ಲಿ ಒಂದು ಸುತ್ತು ಓಡಿಸಿದರೆ ಹೀಟರಿನ ಸುಣ್ಣ ಕರಗುತ್ತದೆ, ಜಿಡ್ಡೂ ಬಹುಮಟ್ಟಿಗೆ ಸಡಿಲವಾಗುತ್ತದೆ. ಅದರ ಜೊತೆಗೆ ಬ್ಲೀಚನ್ನು ಎಂದಿಗೂ ಸೇರಿಸಬಾರದು; ಆಮ್ಲ ಮತ್ತು ಬ್ಲೀಚು ಕೂಡಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಮುಂದೆ ಪುಡಿಯನ್ನು ಅರ್ಧಕ್ಕಿಳಿಸಿ, ಕಡಿಮೆ ನೊರೆಯದನ್ನೇ ಬಳಸಿ, ಬಾಗಿಲನ್ನೂ ಸಾಬೂನಿನ ಪೆಟ್ಟಿಗೆಯನ್ನೂ ತೆರೆದೇ ಬಿಡಿ. ಚಿಕ್ಕ ಮಕ್ಕಳಿರುವ ಮನೆಯಾದರೆ ಬಾಗಿಲು ತೆರೆದಿರುವಷ್ಟು ಹೊತ್ತು ಅತ್ತ ಒಂದು ಕಣ್ಣಿರಲಿ.

ಪ್ರಶ್ನೆ: ಬಾಡಿಗೆ ಮನೆ ಬದಲಾಯಿಸಿದ ಮೇಲೆ ನಮ್ಮ ಫ್ರಂಟ್ ಲೋಡ್ ಯಂತ್ರ ಬಟ್ಟೆ ಹಿಂಡುವಾಗ ಅಡಿಗಡಿಗೂ ಮುಂದಕ್ಕೆ ನಡೆದುಬರುತ್ತಿದೆ. ಕೆಟ್ಟಿದೆಯೇ?
— ಓದುಗರು, ಬೆಂಗಳೂರು

ಉತ್ತರ: ಮೊದಲು ನಾಲ್ಕೂ ಕಾಲುಗಳು ನೆಲಕ್ಕೆ ಸಮನಾಗಿ ಕುಳಿತಿವೆಯೇ ನೋಡಿ, ಗಾಲಿಯಿರುವ ಸ್ಟ್ಯಾಂಡಿನ ಮೇಲಿಟ್ಟಿದ್ದರೆ ಇಳಿಸಿಬಿಡಿ. ಸಾಗಿಸುವಾಗ ಡ್ರಮ್ಮು ಅಲುಗಾಡದಂತೆ ಹಿಂಬದಿಗೆ ಹಾಕಿದ ಬೋಲ್ಟುಗಳನ್ನು ಬಿಚ್ಚಲು ಮರೆತಿದ್ದರೂ ಹೀಗೆಯೇ ಆಗುತ್ತದೆ. ಬದಲಿಗೆ ಅವುಗಳನ್ನು ಹಾಕದೆಯೇ ಲಾರಿಗೆ ಏರಿಸಿದ್ದರೆ ಡ್ರಮ್ಮು ತೂಗುಬಿದ್ದ ಸ್ಪ್ರಿಂಗು ಕಳಚಿರಬಹುದು, ಶಾಕ್ ಅಬ್ಸಾರ್ಬರಿಗೆ ಪೆಟ್ಟಾಗಿರಬಹುದು. ಆಗ ಯಂತ್ರವನ್ನು ಮತ್ತೆ ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಿ. ಬೋಲ್ಟುಗಳು ಸಿಕ್ಕರೆ ಒಂದು ಚೀಲಕ್ಕೆ ಹಾಕಿ, ವಾರಂಟಿ ಚೀಟಿಯ ಜೊತೆಗೇ ಇಟ್ಟಿರಿ.