ಹೆಣೆಯುತ್ತಿರುವ ಸ್ವೆಟರಿನಲ್ಲಿ ಹದಿನೈದು ಸಾಲು ಕೆಳಗೆ ಒಂದು ಕುಣಿಕೆ ತಪ್ಪಿದೆ, ಎಲ್ಲವನ್ನೂ ಬಿಚ್ಚಬೇಕೇ?

ಸೀದಾ, ಅಂದರೆ ಮುಂಬದಿಯಲ್ಲಿ ನಯವಾಗಿ ಕಾಣುವ ಕುಣಿಕೆ ಹಾಕಬೇಕಾದಲ್ಲಿ ಒಂದು ಉಲ್ಟಾ, ಅಂದರೆ ಉಬ್ಬಾಗಿ ಕಾಣುವ ಕುಣಿಕೆ ಬಿದ್ದಿದೆ, ಬಿಚ್ಚಲೇ ಬಿಡಲೇ ಎಂದು ಕೇಳಿದ್ದೀರಿ. ನನ್ನ ಮೊದಲ ಸ್ವೆಟರಿನಲ್ಲಿ ನಾನೂ ಇಂಥ ಒಂದೊಂದು ಕುಣಿಕೆಗಾಗಿ ನಿದ್ದೆಗೆಟ್ಟವಳು. ಆ ಸ್ವೆಟರು ಕೆಟ್ಟದ್ದು ಮಾತ್ರ ಅವುಗಳಿಂದಲ್ಲ.

ಅದು ಮಡಿಕೇರಿಯಲ್ಲಿದ್ದ ನಮ್ಮ ತಂದೆಯವರಿಗೆಂದು ಹೆಣೆಯುತ್ತಿದ್ದ ಸ್ವೆಟರು. ಉಣ್ಣೆ ಅಕ್ಕ ನ್ಯೂಜಿಲೆಂಡಿನಿಂದ ತಂದುಕೊಟ್ಟ ಸೂಪರ್‌ವಾಶ್ ಮೆರಿನೊ, ಅಂದರೆ ಯಂತ್ರದಲ್ಲಿ ಒಗೆಯಲು ಬರುವಂತೆ ಸಂಸ್ಕರಿಸಿದ ಮೆರಿನೊ ಕುರಿಯ ಉಣ್ಣೆ. 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ ಬರಬೇಕೆಂದು ಹೆಣಿಗೆಯ ಸೂಚನೆಯಲ್ಲಿ ಬರೆದಿತ್ತು. ನಾನು 22 ಕುಣಿಕೆಗಳನ್ನಷ್ಟೇ ಹಾಕಿ ಅಳತೆ ನೋಡಲೆಂದು ಚಿಕ್ಕದೊಂದು ತುಂಡು ಹೆಣೆದು, ಅದು ಕಡ್ಡಿಯ ಮೇಲಿರುವಾಗಲೇ ಅಂಚಿನಿಂದ ಅಂಚಿಗೆ ಟೇಪು ಹಿಡಿದೆ. ಸರಿಯಾಗಿ 10 ಸೆಂ.ಮೀ. ಬಂತು. ಅಷ್ಟಕ್ಕೇ ತೃಪ್ತಳಾಗಿ, ತುಂಡನ್ನು ಒಗೆಯದೆ ಸ್ವೆಟರು ಶುರುಮಾಡಿದ್ದೇ ನಾನು ಮಾಡಿದ ತಪ್ಪು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಚಿನ ಕುಣಿಕೆಗಳು ಸುರುಳಿಕೊಳ್ಳುತ್ತವೆ, ಕಡ್ಡಿಯ ಹತ್ತಿರದ ಸಾಲುಗಳು ಕಡ್ಡಿ ಹಿಡಿದಂತೆ ನಿಲ್ಲುತ್ತವೆ. ಆದ್ದರಿಂದ ಅಗಲವಾದ ತುಂಡು ಹೆಣೆದು ಅದರ ನಡುಭಾಗವನ್ನು ಮಾತ್ರ ಅಳೆಯಬೇಕು. ಅದಕ್ಕಿಂತ ಮುಖ್ಯವಾದದ್ದು ಉಣ್ಣೆಯ ಗುಣ. ಸಾಧಾರಣ ಉಣ್ಣೆಯ ಎಳೆಗಳ ಮೇಲೆ ಸೂಕ್ಷ್ಮವಾದ ಹುರುಪೆಗಳಿರುತ್ತವೆ, ಅವು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಯಂತ್ರದಲ್ಲಿ ಒಗೆದರೂ ಗಂಟುಗಟ್ಟದಿರಲೆಂದು ಸೂಪರ್‌ವಾಶ್ ಉಣ್ಣೆಯಲ್ಲಿ ಈ ಹುರುಪೆಗಳನ್ನು ರಾಸಾಯನಿಕದಿಂದ ಸವೆಸುತ್ತಾರೆ ಅಥವಾ ಲೇಪ ಕೊಟ್ಟು ಮುಚ್ಚುತ್ತಾರೆ. ಹಿಡಿತ ತಪ್ಪಿದ ಎಳೆಗಳು ನೀರು ಕಂಡೊಡನೆ ಜಾರಿ ಹಿಗ್ಗುತ್ತವೆ. ಎದೆಯ ಸುತ್ತಳತೆ 100 ಸೆಂ.ಮೀ. ಬರಲೆಂದು ಹಿಂದೆ ಮುಂದೆ ಸೇರಿ 220 ಕುಣಿಕೆ ಹಾಕಿದ್ದೆ. ಹೊಲಿದು ಮುಗಿಸಿ ಒಗೆದ ಮೇಲೆ ಎಣಿಸಿದರೆ 10 ಸೆಂ.ಮೀ.ಗೆ 20 ಕುಣಿಕೆ, ಅಂದರೆ ಸುತ್ತಳತೆ 110 ಸೆಂ.ಮೀ. ಭುಜ ಕೆಳಗಿಳಿದಿತ್ತು, ತೋಳು ಬೆರಳುಗಳನ್ನು ಮುಚ್ಚುತ್ತಿತ್ತು. ತಂದೆಯವರು ಚೆನ್ನಾಗಿದೆ ಎಂದೇ ಹೇಳಿದರು, ಆದರೆ ಆ ಚಳಿಗಾಲವನ್ನು ಹಳೆಯ ಸ್ವೆಟರಿನಲ್ಲೇ ಕಳೆದರು. ಹೊಲಿಗೆ ಬಿಚ್ಚಿ ಎಲ್ಲವನ್ನೂ ಹೊಸದಾಗಿ ಹೆಣೆಯುವುದರ ಹೊರತು ಬೇರೆ ದಾರಿ ಇರಲಿಲ್ಲ.

ಆದ್ದರಿಂದ ಬಿಚ್ಚುವುದೋ ಬಿಡುವುದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದು ಉಲ್ಟಾ ಕುಣಿಕೆಗೆ ಸಾಲುಗಟ್ಟಲೆ ಬಿಚ್ಚುವ ಅಗತ್ಯವೇ ಇಲ್ಲ. ಅದರ ನೇರಕ್ಕೆ ಮೇಲಿರುವ ಕುಣಿಕೆಯೊಂದನ್ನೇ ಕಡ್ಡಿಯಿಂದ ಇಳಿಸಿ, ತಪ್ಪಿದ ಜಾಗದವರೆಗೆ ಬಿಚ್ಚಿಕೊಳ್ಳಲು ಬಿಡಿ. ಅಡ್ಡಡ್ಡಲಾಗಿ ಕಾಣುವ ಎಳೆಗಳನ್ನು ಕ್ರೋಶಾ ಕಡ್ಡಿಯಿಂದ ಕೆಳಗಿನಿಂದ ಒಂದೊಂದಾಗಿ, ಸೀದಾ ಬದಿಯಿಂದಲೇ ಕುಣಿಕೆಯೊಳಗೆ ಎಳೆದುಕೊಳ್ಳುತ್ತ ಮೇಲೆ ಬನ್ನಿ. ಮೊಹೇರ್‌ನಂಥ ಕೂದಲುಳ್ಳ ಉಣ್ಣೆಯಾದರೆ ಎಳೆಗಳು ಅಂಟಿಕೊಂಡು ಕಷ್ಟ ಕೊಡುತ್ತವೆ. ಉಳಿದವುಗಳಲ್ಲಿ ಇದು ಸುಲಭದ ಕೆಲಸ.

ಆದರೆ ಅದಕ್ಕೂ ಮೊದಲು ಕುಣಿಕೆಗಳನ್ನೆಲ್ಲ ಒಂದು ಉದ್ದನೆಯ ಹತ್ತಿ ದಾರಕ್ಕೆ ಪೋಣಿಸಿ, ಕಡ್ಡಿ ತೆಗೆದು, ಹೆಣೆದಷ್ಟು ಭಾಗವನ್ನು ಒಗೆಯಿರಿ. ನೇತುಹಾಕದೆ ಟವೆಲಿನ ಮೇಲೆ ಹರಡಿ ಒಣಗಿಸಿ, ನಡುಭಾಗವನ್ನು ಅಳೆಯಿರಿ. ಅಳತೆ ಸರಿಯಾಗಿದ್ದರೆ ಉಲ್ಟಾ ಕುಣಿಕೆಯನ್ನು ಸರಿಪಡಿಸಿ ಮುಂದುವರಿಯಿರಿ. ಸರಿಯಿಲ್ಲದಿದ್ದರೆ ಕುಣಿಕೆಗಳ ಲೆಕ್ಕವನ್ನು ಹೊಸದಾಗಿ ಹಾಕಿ, ಪೂರ್ತಿ ಬಿಚ್ಚಿ, ಇಂದೇ ಮೊದಲಿನಿಂದ ಆರಂಭಿಸಿ.